ಓಪಿ ಕೌಂಟರಿಗೆ ಬಂದ ಬಿಳಿ ಸ್ಕ್ರೀನು

೧೯೯೭ರ ಮಳೆಗಾಲದಲ್ಲಿ ನಾನು ಕುಂದಾಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದೆ. ಬಿ.ಕಾಂ. ಆಗಿತ್ತು, ಬ್ರಹ್ಮಾವರದಲ್ಲಿ ಆರು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋದ ಸರ್ಟಿಫಿಕೇಟು ಕೈಯಲ್ಲಿತ್ತು. ಬಾರ್ಕೂರಿನ ನಮ್ಮ ಮನೆಯಿಂದ ಬ್ರಹ್ಮಾವರಕ್ಕೆ ಒಂದು ಬಸ್ಸು, ಅಲ್ಲಿಂದ ಕುಂದಾಪುರಕ್ಕೆ ಇನ್ನೊಂದು. ಹೊರರೋಗಿಗಳಿಗೆ ಚೀಟಿ ಕೊಡುವ ಓಪಿ ಕೌಂಟರಿನಲ್ಲಿ ನನ್ನನ್ನು ಕೂರಿಸಿದರು. ಅಲ್ಲಿ ಎರಡು ಕುರ್ಚಿ, ಎರಡು ಕಂಪ್ಯೂಟರ್. ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದವರನ್ನು ಡಾಕ್ಟರರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಅಣ್ಣಯ್ಯ ಅನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ಅಣ್ಣಯ್ಯನಿಗೆ ಆಗ ಮೂವತ್ತಾರು ಇರಬಹುದು. ಸಾಲಿಗ್ರಾಮದ ಕಡೆಯವರು. ಮನೆಯಲ್ಲಿ ತಲೆತಲಾಂತರದಿಂದ ದೇವಸ್ಥಾನದ ಪೂಜೆ. ಅದನ್ನು ಅವರ ಅಣ್ಣ ನೋಡಿಕೊಳ್ಳುತ್ತಿದ್ದರು. ಇವರು ಎರಡನೆಯವರು, ಕಾಲೇಜು ಓದಿ ಆಸ್ಪತ್ರೆಗೆ ಬಂದವರು. ಕಂಪ್ಯೂಟರ್ ಬರುವ ಮೊದಲು ದಪ್ಪ ರಿಜಿಸ್ಟರಿನಲ್ಲಿ ಹೆಸರು ಬರೆಯುತ್ತಿದ್ದರಂತೆ. ಕಂಪ್ಯೂಟರ್ ಬಂದ ಮೇಲೆ ಅದನ್ನು ಎಲ್ಲರಿಗಿಂತ ಮೊದಲು ಕಲಿತವರೂ ಅವರೇ.

ಆಗಿನ ಸ್ಕ್ರೀನು ಪೂರ್ತಿ ಕಪ್ಪು, ಅಕ್ಷರ ಹಸಿರು. ಮೌಸ್ ಇರಲಿಲ್ಲ. ಎಫ್ ಟು ಒತ್ತಿದರೆ ಹೊಸ ರೋಗಿ, ಎಫ್ ಫೈವ್ ಒತ್ತಿದರೆ ಹಳೆಯ ರೋಗಿ. ಆಮೇಲೆ ಹೆಸರು, ವಯಸ್ಸು, ಊರು, ಡಾಕ್ಟರು, ಒಂದೊಂದಕ್ಕೂ ಎಂಟರ್. ಊರಿಗೆಲ್ಲ ನಂಬರ್ ಇತ್ತು. ಬೈಂದೂರು ಹದಿನಾಲ್ಕು, ಕೋಟೇಶ್ವರ ಮೂರು, ಹಂಗಾರಕಟ್ಟೆ ಇಪ್ಪತ್ತೇಳು. ಡಾಕ್ಟರರಿಗೂ ನಂಬರ್. ನಾನು ಮೊದಲ ವಾರ ಗೋಡೆಗೆ ಅಂಟಿಸಿದ ಪಟ್ಟಿ ನೋಡಿ ನೋಡಿ ಒತ್ತುತ್ತಿದ್ದೆ. ಅಣ್ಣಯ್ಯ ಪಟ್ಟಿಯ ಕಡೆಗೆ ತಲೆ ಎತ್ತಿದ್ದನ್ನು ನಾನು ನೋಡಲಿಲ್ಲ. ರೋಗಿ ಬಾಯಿ ತೆರೆದು ಹೆಸರು, ಊರು ಹೇಳಿ ಮುಗಿಸುವುದರೊಳಗೆ ಪಕ್ಕದಲ್ಲಿ ಪ್ರಿಂಟರ್ ಕಿರ್ರೆನ್ನುತ್ತಿತ್ತು. ಆ ಸದ್ದಿನಲ್ಲೇ ಚೀಟಿ ಸರಿಯಾಗಿ ಬಂತೋ ಇಲ್ಲವೋ ಅವರಿಗೆ ಗೊತ್ತಾಗುತ್ತಿತ್ತು.

"ಕಣ್ಣ್ ಹಾಕಿ ಮಾಡ್ಬೇಡ ತಂಗಿ," ಎಂದರು ಒಂದು ದಿನ. "ಬೆರಳಿಗೆ ಕಲ್ಸ್. ಬೆರಳ್ ಕಲ್ತ್ರೆ ಮರೂದಿಲ್ಲೆ."

ನಾನು ಹಾಗೇ ಕಲಿತೆ. ಎರಡು ತಿಂಗಳಲ್ಲಿ ನನ್ನ ಕೈಯೂ ಓಡತೊಡಗಿತು. ಆದರೆ ಅವರಷ್ಟು ಓಡಲಿಲ್ಲ. ಒಮ್ಮೆ ಹಂಗಾರಕಟ್ಟೆಯಿಂದ ಒಬ್ಬ ಮೀನು ಮಾರುವ ಹೆಂಗಸು ಫಿಟ್ಸ್ ಬಂದ ಮೊಮ್ಮಗಳನ್ನು ಎತ್ತಿಕೊಂಡು ಓಡಿ ಬಂದಳು. ಮಾತೇ ಹೊರಡುತ್ತಿರಲಿಲ್ಲ. ಅವಳ ಏದುಸಿರಿನ ದನಿ ಕೇಳಿಯೇ ಅಣ್ಣಯ್ಯ ಅವಳ ಹೆಸರು ಹಿಡಿದು ಕರೆದು, "ಮಗು ನಂಬ್ರ ನನ್ ಹತ್ರ ಇತ್ತ್, ನೀವ್ ಒಳ್ಗೆ ಹೋಯ್ನಿ," ಎಂದರು. ಅವಳು ಡಾಕ್ಟರ ಕೋಣೆಯ ಬಾಗಿಲು ಮುಟ್ಟುವಷ್ಟರಲ್ಲಿ ಮಗುವಿನ ಹಳೆಯ ಫೈಲು ರೆಕಾರ್ಡ್ ರೂಮಿನಿಂದ ಹೊರಟಿತ್ತು. ಹೋದ ಸಲ ಯಾವ ಔಷಧ ಕೊಟ್ಟಿದ್ದರು ಎಂಬುದು ಡಾಕ್ಟರರಿಗೆ ಆ ಗಳಿಗೆಯಲ್ಲೇ ಸಿಕ್ಕಿತು. ಜನರನ್ನು ಅವರು ದನಿಯಲ್ಲೇ ಗುರುತಿಸುವುದು ನನಗೆ ಪ್ರೀತಿಯ ಲಕ್ಷಣವಾಗಿ ಕಂಡಿತ್ತು.

ಅವರಿಗೆ ಕೆಲವು ರೂಢಿಗಳಿದ್ದವು. ಸಂಜೆ ಐದೂಕಾಲರ ಬಸ್ಸು ತಪ್ಪಿಸುತ್ತಿರಲಿಲ್ಲ. ಯಾರ ಮದುವೆಯ ರಿಸೆಪ್ಶನ್ನಿಗೂ, ರಾತ್ರಿಯ ಯಕ್ಷಗಾನದ ಆಟ ನೋಡುವುದಕ್ಕೂ ಬರುತ್ತಿರಲಿಲ್ಲ. "ನಂಗೆ ನಿದ್ದಿ ಮುಖ್ಯ," ಎಂದು ನಗುತ್ತಿದ್ದರು. ಚಹಾದ ಲೋಟವನ್ನು ಕೈಗೆ ಕೊಟ್ಟರೆ ತೆಗೆದುಕೊಳ್ಳುತ್ತಿರಲಿಲ್ಲ, ಮೇಜಿನ ಮೇಲೆ ಇಡಬೇಕಿತ್ತು. ಪೂಜೆಯ ಮನೆಯವರು, ಮಡಿ ಇರಬಹುದು ಎಂದು ನಾನು ಅಂದುಕೊಂಡಿದ್ದೆ. ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳಿಗೆ ಆಗಾಗ ಎಡವುತ್ತಿದ್ದರು. ಬಿಟ್ಟವರನ್ನು ಬೈಯುತ್ತಿದ್ದೆ.

ಒಂಬತ್ತು ವರ್ಷ ಹೀಗೇ ಕಳೆಯಿತು. ನನಗೆ ಮದುವೆಯಾಯಿತು, ಮಗಳು ಹುಟ್ಟಿದಳು, ನಾನು ಕೋಟೇಶ್ವರಕ್ಕೆ ಬಂದೆ. ಕೌಂಟರ್ ಮಾತ್ರ ಬದಲಾಗಲಿಲ್ಲ.

೨೦೦೬ರಲ್ಲಿ ಆಸ್ಪತ್ರೆಗೆ ಹೊಸ ಕಟ್ಟಡ ಎದ್ದಿತು. ಅದರ ಜೊತೆಗೆ ಹೊಸ ಸಾಫ್ಟ್‌ವೇರ್ ತರಿಸುವುದು ಎಂದಾಯಿತು. ನನ್ನನ್ನು ಮೂರು ದಿನದ ತರಬೇತಿಗೆ ಮಂಗಳೂರಿಗೆ ಕಳಿಸಿದರು. ಬಂದು ಉಳಿದವರಿಗೆ ಕಲಿಸುವ ಜವಾಬ್ದಾರಿಯೂ ನನ್ನದೇ. ಅಣ್ಣಯ್ಯನನ್ನು ಕಳಿಸಬೇಕಿತ್ತು, ಹಿರಿಯರು ಅವರು. ಅವರೇ ಬೇಡ ಅಂದರಂತೆ. ನನಗೆ ಒಳಗೊಳಗೆ ಖುಷಿಯಾಯಿತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ಹೊಸ ಸ್ಕ್ರೀನು ಬೆಳ್ಳಗೆ ಹಾಲಿನ ಹಾಗಿತ್ತು. ಮೇಲೆ ಸಾಲಾಗಿ ಸಣ್ಣ ಸಣ್ಣ ಚಿತ್ರಗಳು, ಎಡಗಡೆ ಮೆನು. ಊರಿನ ನಂಬರ್ ಬಾಯಿಪಾಠ ಬೇಕಿಲ್ಲ. ಬಾಣ ಒಯ್ದು ಒತ್ತಿದರೆ ಊರುಗಳ ಪಟ್ಟಿಯೇ ಕೆಳಗೆ ಬಿಚ್ಚಿಕೊಳ್ಳುತ್ತಿತ್ತು. ಕಾರ್ಡ್ ಕಳೆದುಕೊಂಡು ಬಂದವರನ್ನು ಹೆಸರಿನಿಂದಲೇ ಹುಡುಕಬಹುದಿತ್ತು. ಹಳೆಯದರಲ್ಲಿ ಅದು ಆಗುತ್ತಿರಲಿಲ್ಲ. ಅಣ್ಣಯ್ಯನ ನೆನಪೇ ಆ ಕೆಲಸ ಮಾಡುತ್ತಿತ್ತು. ಇದು ಒಳ್ಳೆಯದೇ ಎಂದು ನನಗೆ ಆಗ ಅನ್ನಿಸಿತ್ತು. ಈಗಲೂ ಅದರಲ್ಲಿ ಒಳ್ಳೆಯದು ಇರಲಿಲ್ಲ ಎಂದು ಹೇಳಲಾರೆ.

ತರಬೇತಿಯ ಕೊನೆಯ ದಿನ ಕಂಪನಿಯ ಎಂಜಿನಿಯರ್ ನನ್ನನ್ನು ಕೇಳಿದ: "ಮೇಡಂ, ಹಳೆಯ ಎಫ್ ಕೀಗಳನ್ನೂ ಇದರಲ್ಲಿ ಇಡಬೇಕಾ? ಇಡುವುದಾದರೆ ನಮಗೆ ಇನ್ನೆರಡು ವಾರ ಬೇಕು. ನೀವು ದಿನಾ ಕೆಲಸ ಮಾಡುವವರು, ನೀವೇ ಹೇಳಿ."

ನಾನು ಯೋಚನೆಯನ್ನೇ ಮಾಡಲಿಲ್ಲ. "ಬೇಡ. ಹಳೆಯದು ಇದ್ದರೆ ಯಾರೂ ಹೊಸದನ್ನು ಕಲಿಯುವುದಿಲ್ಲ," ಎಂದೆ. ಅವನು ಪುಸ್ತಕದಲ್ಲಿ ಗುರುತು ಹಾಕಿಕೊಂಡ. ಅಷ್ಟೇ ನಡೆದದ್ದು. ಊಟಕ್ಕೆ ಹೋದೆವು.

ಒಂದು ಸೋಮವಾರ ಹೊಸದು ಶುರುವಾಯಿತು. ನರ್ಸುಗಳು, ಔಷಧಿ ಅಂಗಡಿಯವರು, ಲ್ಯಾಬಿನವರು, ಎಲ್ಲರೂ ಒಂದು ವಾರ ಗೊಣಗಿದರು, ಎರಡನೆಯ ವಾರ ಸುಮ್ಮನಾದರು. ಅಣ್ಣಯ್ಯ ಮೊದಲ ದಿನದಿಂದಲೂ ಗೊಣಗಲಿಲ್ಲ. ಮೌಸನ್ನು ಇಡೀ ಅಂಗೈಯಲ್ಲಿ ಮುಚ್ಚಿ ಹಿಡಿದು, ಮುಖವನ್ನು ಸ್ಕ್ರೀನಿಗೆ ಒಂದು ಗೇಣಿನಷ್ಟು ಹತ್ತಿರ ಒಯ್ದು ಕೂತರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು.

"ತಂಗಿ, ಆ ಬಾಣ ಎಲ್ಲಿತ್ತ್?"

"ಅಲ್ಲೇ ಇತ್ತಲೆ ಅಣ್ಣಯ್ಯ, ನಡುವಲ್ಲೇ."

ತೋರಿಸುತ್ತಿದ್ದೆ. ಒಂದು ನಿಮಿಷ ಬಿಟ್ಟು ಮತ್ತೆ ಅದೇ ಪ್ರಶ್ನೆ. ಕೆಲವು ದಿನ ಕಳೆದ ಮೇಲೆ ಅವರು ಕೇಳುವುದನ್ನು ಬಿಟ್ಟರು. ಅದರ ಬದಲು ಪ್ರತಿ ಸಲವೂ ಮೌಸನ್ನು ಎಡಕ್ಕೆ, ಮೇಲಕ್ಕೆ ಸರ್ರನೆ ದೂಡಿ ಬಾಣವನ್ನು ಮೂಲೆಗೆ ತಂದು ನಿಲ್ಲಿಸುತ್ತಿದ್ದರು. ಅಲ್ಲಿಂದ ಅಳತೆ ಮಾಡಿದ ಹಾಗೆ ಬಲಕ್ಕೆ ಇಷ್ಟು, ಕೆಳಕ್ಕೆ ಇಷ್ಟು ಎಂದು ಎಳೆಯುತ್ತಿದ್ದರು. ಒಂದು ಚೀಟಿಗೆ ನಾಲ್ಕು ನಿಮಿಷ. ಅವರ ಎದುರಿನ ಸಾಲು ಬಾಗಿಲು ದಾಟಿ ಮೆಟ್ಟಿಲವರೆಗೆ ಬೆಳೆಯುತ್ತಿತ್ತು. ಒಂದೊಂದೇ ತಲೆ ಆ ಸಾಲಿನಿಂದ ಕಳಚಿ ನನ್ನ ಸಾಲಿಗೆ ಸೇರುತ್ತಿತ್ತು. ಅದೂ ಅವರಿಗೆ ಗೊತ್ತಾಗುತ್ತಿತ್ತು. "ಅಲ್ಲಿಗ್ ಹೋಯ್ನಿ, ಬೇಗ ಆತ್ತ್," ಎಂದು ಅವರೇ ಕಳಿಸುತ್ತಿದ್ದರು.

ನನಗೆ ಅದು ಹಟ ಎನ್ನಿಸಿತು. ಇಷ್ಟು ವರ್ಷ ರಾಜನ ಹಾಗೆ ಇದ್ದವರು, ಈಗ ನನ್ನಿಂದ ಕಲಿಯುವುದಕ್ಕೆ ಮನಸ್ಸಿಲ್ಲ ಎಂದುಕೊಂಡೆ. ಒಂದು ಮಧ್ಯಾಹ್ನ ಜನರಿಲ್ಲದಾಗ ಹೇಳಿಯೇಬಿಟ್ಟೆ.

"ಅಣ್ಣಯ್ಯ, ವಾರ್ಡಿನ ಆಯಾನೇ ಹತ್ತ್ ದಿನದಲ್ಲಿ ಕಲ್ತ್ಲ್. ನಿಮ್ಗೆ ಆತಿಲ್ಯಾ, ಮನ್ಸಿಲ್ಯಾ?"

ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ತುಂಬ ಹೊತ್ತು ಒರೆಸಿದರು. "ಕಲ್ತ್ಕಂತೆ ತಂಗಿ. ಸ್ವಲ್ಪ ದಿನ ಕೊಡ್," ಎಂದರು.

ಸ್ವಲ್ಪ ದಿನ ಸಿಗಲಿಲ್ಲ. ಬೈಂದೂರಿನ ಕಡೆಯ ಇಬ್ಬರು ಹೆಂಗಸರ ಹೆಸರು ಒಂದೇ ಇತ್ತು. ಹಳೆಯ ಪದ್ಧತಿಯಲ್ಲಿ ಅವರು ಎರಡು ಬೇರೆ ಬೇರೆ ನಂಬರು, ತಪ್ಪುವ ಮಾತೇ ಇರಲಿಲ್ಲ. ಹೊಸದರಲ್ಲಿ ಹೆಸರು ಒತ್ತಿದರೆ ಇಬ್ಬರೂ ಒಂದರ ಕೆಳಗೆ ಒಂದು ಬರುತ್ತಿದ್ದರು. ಅಣ್ಣಯ್ಯ ಮೇಲಿನ ಸಾಲನ್ನು ಒತ್ತಿದರು. ಐದು ತಿಂಗಳ ಬಸುರಿಯ ಜೊತೆಗೆ, ಗರ್ಭಕೋಶ ತೆಗೆಸಿಕೊಂಡ ಅರವತ್ತು ವರ್ಷದವರ ಫೈಲು ಡಾಕ್ಟರ ಮೇಜಿಗೆ ಹೋಯಿತು. ಡಾಕ್ಟರು ಮೊದಲ ಹಾಳೆ ತೆರೆದದ್ದೇ ಗೊತ್ತಾಯಿತು, ಯಾರಿಗೂ ಏನೂ ಆಗಲಿಲ್ಲ. ಆದರೆ ಬಸುರಿಯ ಗಂಡ ಹಜಾರದ ನಡುವೆ ನಿಂತು ಅರ್ಧ ಗಂಟೆ ಬೈದ. ಅಣ್ಣಯ್ಯ ಎದ್ದು ನಿಂತು ಅಷ್ಟನ್ನೂ ಕೇಳಿದರು. ಬೈಯುವವನ ಮುಖದ ಕಡೆಗೆ ನೋಡದೆ, ಸ್ವಲ್ಪ ಬದಿಗೆ ನೋಡುತ್ತಿದ್ದರು. ಅಹಂಕಾರ ನೋಡಿ ಇವನಿಗೆ, ಎಂದ ಆ ಮನುಷ್ಯ.

ಮರುದಿನ ಬೆಳಿಗ್ಗೆ ಮ್ಯಾನೇಜರು ನನ್ನನ್ನು ಒಳಗೆ ಕರೆದರು. "ಕಲಿಸಿದವರು ನೀವು. ಅವರು ಯಾಕೆ ಕಲಿತಿಲ್ಲ ಎಂದು ಬರೆದು ಕೊಡಿ. ನಾಳೆ ಮೇಲಿನವರು ಕೇಳಿದರೆ ನನ್ನ ಹತ್ತಿರ ಕಾಗದ ಬೇಕು."

ತಪ್ಪು ನನ್ನ ಕಲಿಸುವಿಕೆಯ ಮೇಲೆ ಬರುತ್ತದೆ ಎಂದು ಹೆದರಿದೆ. ಅಲ್ಲೇ ಕೂತು ಬರೆದೆ. ಹಲವು ಬಾರಿ ಹೇಳಿಕೊಟ್ಟರೂ ಹೊಸ ವ್ಯವಸ್ಥೆ ಕಲಿಯಲು ಇವರು ಆಸಕ್ತಿ ತೋರಿಸುತ್ತಿಲ್ಲ. ಕೆಳಗೆ ಸಹಿ ಹಾಕಿದೆ.

ಆ ದಿನವೇ ಸಂಜೆ ಹಳೆಯ ರೋಗಿಗಳ ವಿವರ ಹೊಸದಕ್ಕೆ ಏರಿಸುವ ಕೆಲಸಕ್ಕೆ ನಮ್ಮಿಬ್ಬರನ್ನೂ ಉಳಿಸಿಕೊಂಡರು. ಐದೂಕಾಲರ ಬಸ್ಸು ಹೋಯಿತು. ಆರೂವರೆಗೆ ಹೊರಬಿದ್ದಾಗ ಮಳೆ ಕವಿದು ಕತ್ತಲಾಗಿತ್ತು, ಬೀದಿಯಲ್ಲಿ ಕರೆಂಟಿರಲಿಲ್ಲ. ನಾನು ಕೊಡೆ ಬಿಡಿಸಿ ಎರಡು ಹೆಜ್ಜೆ ಇಟ್ಟೆ. ಅಣ್ಣಯ್ಯ ಮೆಟ್ಟಿಲ ಮೇಲೆಯೇ ನಿಂತಿದ್ದರು.

"ತಂಗಿ," ಎಂದರು. "ನಿನ್ ಚೀಲದ ಪಟ್ಟಿ ಹಿಡ್ಕಂತೆ. ಬಸ್‌ಸ್ಟ್ಯಾಂಡಿನವರೆಗೆ ಕರ್ಕೊಂಡ್ ಹೋತ್ಯಾ?"

ನನಗೆ ಅರ್ಥವಾಗಲಿಲ್ಲ. ಅವರು ಗಾಳಿಯಲ್ಲಿ ಕೈ ಚಾಚಿದ್ದರು. ನಾನು ಅವರ ಬಲಕ್ಕೆ ನಿಂತಿದ್ದೆ, ಅವರ ಕೈ ಎಡಕ್ಕೆ ಹುಡುಕುತ್ತಿತ್ತು.

ದಾರಿಯಲ್ಲಿ ಹೇಳಿದರು. ಮದುವೆಯಾದ ವರ್ಷದಿಂದಲೇ ಇರುಳಲ್ಲಿ ಕಾಣುವುದು ಕಡಿಮೆಯಾಗಿತ್ತು. ಆಮೇಲೆ ಬದಿಗಳು ಮುಚ್ಚಿಕೊಳ್ಳುತ್ತ ಬಂದವು. "ಈಗ ಒಂದ್ ಕೊಳವಿ ಒಳ್ಗಿಂದ ಕಂಡಂಗೆ. ನಡುವಲ್ಲ್ ಒಂಚೂರ್ ಕಾಂತ್ತ್, ಸುತ್ತ ಎಂತದೂ ಇಲ್ಲೆ. ಕಪ್ಪಲ್ಲ್ ಹಸ್ರ್ ಅಕ್ಷರ ಕಾಂತಿದ್ದಿತ್. ಎಲ್ಲೆಲ್ಲಿ ಬತ್ತ್ ಅಂದೇಳಿ ಗೊತ್ತಿದ್ದಿತ್. ಈ ಬಿಳಿದು ಬೆಂಕಿ ಕಂಡಂಗೆ ತಂಗಿ. ಬಾಣ ಅದ್ರಲ್ಲ್ ಎಲ್ಲಿಗ್ ಹೋತ್ತೋ."

"ನಮ್ಮಲ್ಲೇ ಕಣ್ಣಿನ ಡಾಕ್ಟ್ರ್ ಇದ್ರಲೆ. ತೋರ್ಸುಕಾಗದಾ?"

"ಮಣಿಪಾಲಕ್ಕೂ ಹೋಯ್ ಬಂದೆ, ಮದ್ದಿಲ್ಲೆ ಅಂದ್ರ್. ನಮ್ಮಲ್ಲ್ ತೋರ್ಸ್ರೆ ಕುರ್ಚಿ ಹೋತ್ತ್."

ಗುರುವಾರ ಗುರುವಾರ ಕಣ್ಣಿನ ವಿಭಾಗಕ್ಕೆ ನೂರಾರು ಜನರಿಗೆ ಚೀಟಿ ಕೊಟ್ಟವರು ಅವರು. ತಮಗೆ ಒಂದು ಚೀಟಿ ಮಾಡಿಕೊಂಡಿರಲಿಲ್ಲ. ಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡು ನನ್ನ ಹಿಂದೆ ಬರುತ್ತಿದ್ದ ಆ ಮನುಷ್ಯನಿಗೆ, ಬೆಳಿಗ್ಗೆ ನಿಮ್ಮ ಮೇಲೆ ಬರೆದುಕೊಟ್ಟಿದ್ದೇನೆ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಬಸ್ಸು ಹತ್ತಿಸಿದೆ. ಸಾಲಿಗ್ರಾಮದಲ್ಲಿ ಹೆಂಡತಿ ಟಾರ್ಚು ಹಿಡಿದು ಕಾಯುತ್ತಿರುತ್ತಾಳೆ, ಹೆದರಬೇಡ ಎಂದು ಅವರೇ ನನಗೆ ಹೇಳಿದರು.

ಮರುದಿನ ಬಾಗಿಲು ತೆರೆಯುವ ಮೊದಲೇ ಮ್ಯಾನೇಜರ ಕೋಣೆಗೆ ಹೋಗಿ ಕಾಗದ ವಾಪಸು ಕೇಳಿದೆ. ಯಾಕೆ ಎಂದರು. ನಾನು ನಿಜ ಹೇಳಿದೆ. ಹಟವಲ್ಲ, ಅವರಿಗೆ ಕಾಣುವುದಿಲ್ಲ, ಹಳೆಯ ಕೀಗಳಿದ್ದರೆ ಅವರು ನಮಗಿಂತ ಚೆನ್ನಾಗಿ ಮಾಡುತ್ತಾರೆ, ಅದನ್ನು ಹಾಕಿಸಿ ಎಂದೆ. ಮ್ಯಾನೇಜರು ಕೆಟ್ಟವರಲ್ಲ. ಆದರೆ ಕಾಗದವನ್ನು ವಾಪಸು ಕೊಡಲಿಲ್ಲ.

"ಕಾಣದವರನ್ನು ಕೌಂಟರಿನಲ್ಲಿ ಕೂರಿಸಿದ್ದೀರಿ ಎಂದು ಯಾರಾದರೂ ಕೇಳಿದರೆ ನಾನೇನು ಹೇಳಲಿ?" ಎಂದರು. "ಮೊನ್ನೆ ಆದದ್ದು ಮತ್ತೆ ಆದರೆ?"

ಅವರನ್ನು ಉಳಿಸಬೇಕೆಂದು ಹೋಗಿ, ಅವರು ಇಷ್ಟು ವರ್ಷ ಕಾದುಕೊಂಡ ಗುಟ್ಟನ್ನೂ ನಾನೇ ಕೊಟ್ಟು ಬಂದಿದ್ದೆ.

ಕೀಗಳ ಬಗ್ಗೆ ಕಂಪನಿಗೆ ಫೋನ್ ಮಾಡಿದೆ. ಎಂಜಿನಿಯರ್ ಬೇರೆ ಊರಿಗೆ ಹೋಗಿದ್ದ. ಅವನ ಜಾಗಕ್ಕೆ ಬಂದವನು, ನೀವೇ ಬೇಡ ಅಂದದ್ದು ಬರೆದಿದೆಯಲ್ಲ ಮೇಡಂ, ಮುಂದಿನ ಸಲ ಬದಲಾಯಿಸುವಾಗ ನೋಡೋಣ ಎಂದ. ಅಣ್ಣಯ್ಯನನ್ನು ರೆಕಾರ್ಡ್ ರೂಮಿಗೆ ಹಾಕಿದರು. ನೆಲಮಾಳಿಗೆಯ ಮಬ್ಬಿನ ಕೋಣೆ ಅದು. ಕಂಪ್ಯೂಟರ್ ಇಲ್ಲವಲ್ಲ ಎಂದು ಮ್ಯಾನೇಜರು ದಯೆಯಿಂದಲೇ ಹಾಕಿದ್ದು. ಅಲ್ಲಿ ಫೈಲಿನ ಬೆನ್ನ ಮೇಲಿನ ನಂಬರು ಓದಬೇಕಿತ್ತು. ಎರಡು ಸಲ ಕಪಾಟಿನ ಮೂಲೆ ತಾಗಿ ಹಣೆ ಒಡೆದುಕೊಂಡರು. ಮೂರನೆಯ ತಿಂಗಳು ತಾವಾಗಿಯೇ ರಾಜೀನಾಮೆ ಕೊಟ್ಟರು. ಕೊನೆಯ ದಿನ ಎಲ್ಲರಿಗೂ ಹೇಳಿ ಹೊರಟರು. ಓಪಿ ಕೌಂಟರಿನ ಮುಂದೆ ನಿಂತು, "ಬತ್ತೆ ತಂಗಿ," ಎಂದರು. ನನ್ನ ಕುರ್ಚಿ ಆ ಹೊತ್ತಿಗೆ ಖಾಲಿ ಇತ್ತು; ನಾನು ಪ್ರಿಂಟರಿನ ಹತ್ತಿರ ನಿಂತಿದ್ದೆ. ಅಲ್ಲಿಂದಲೇ "ಹೂಂ ಅಣ್ಣಯ್ಯ" ಎಂದೆ. ಅವರು ದನಿ ಬಂದ ಕಡೆಗೆ ತಿರುಗಿ ತಲೆಯಾಡಿಸಿದರು.

ಮುಂದಿನ ವರ್ಷ ಒಮ್ಮೆ ಅವರ ಮನೆಗೆ ಹೋದೆ. ಜಗಲಿಯಲ್ಲಿ ಕೂತಿದ್ದರು. ಹೆಂಡತಿ ಕಾಫಿ ತಂದು, ಅವರ ಬೆರಳನ್ನು ಹಿಡಿದು ಲೋಟಕ್ಕೆ ಮುಟ್ಟಿಸಿದರು. ಅಣ್ಣನ ಜೊತೆ ದೇವಸ್ಥಾನಕ್ಕೆ ಹೋಗುತ್ತೀರಾ ಎಂದು ಕೇಳಿದೆ. ದೀಪ, ಬೆಂಕಿ ಇರುವ ಕಡೆ ಬೇಡ ಎಂದು ಅಣ್ಣ ಹೇಳಿದ್ದಾರೆ ಎಂದರು. ಆಮೇಲೆ ಆಸ್ಪತ್ರೆಯ ಸುದ್ದಿ ಒಂದೊಂದಾಗಿ ಕೇಳಿದರು. ಗಂಗೊಳ್ಳಿಯ ಸಕ್ಕರೆ ಕಾಯಿಲೆಯ ಅಜ್ಜಿ ಬರುತ್ತಾರಾ, ಅವರ ನಂಬರು ಇಂಥದ್ದು. ಬೈಂದೂರಿನ ಕುಂಟ ಮೇಷ್ಟ್ರು ಇದ್ದಾರಾ, ಅವರ ನಂಬರು ಇಂಥದ್ದು. ಹೊಸದರಲ್ಲಿ ಎಲ್ಲರಿಗೂ ಹೊಸ ನಂಬರಾಗಿತ್ತು. ಅವರು ಹೇಳಿದ ಒಂದೂ ಈಗ ನಡೆಯುತ್ತಿರಲಿಲ್ಲ. ನಾನು ಎಲ್ಲದಕ್ಕೂ ಹೌದು ಎಂದೆ.

೨೦೧೩ರಲ್ಲಿ ಸಾಫ್ಟ್‌ವೇರ್ ಮತ್ತೆ ಬದಲಾಯಿತು. ಈ ಸಲ ಎಡಗಡೆಯ ಮೆನುವೇ ಮಾಯ. ಎಲ್ಲವೂ ಬಣ್ಣ ಬಣ್ಣದ ಚೌಕಗಳಾಗಿದ್ದವು. ಚೀಟಿ ಮುದ್ರಿಸುವ ಗುಂಡಿ ಇದ್ದ ಜಾಗದಲ್ಲಿ ಅಳಿಸುವ ಗುಂಡಿ ಬಂದಿತ್ತು. ನನ್ನ ಕೈ ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ಮೊದಲ ವಾರ ದಿನಕ್ಕೆ ಹತ್ತು ಸಲ ತಪ್ಪಿದೆ. ಪಕ್ಕದಲ್ಲಿ ಹೊಸದಾಗಿ ಸೇರಿದ್ದವಳು, "ಅಕ್ಕ, ಸುಲಭ ಇತ್ತಲೆ," ಎನ್ನುತ್ತಿದ್ದಳು. ಅವಳದು ಸುಳ್ಳಲ್ಲ, ಹೊಸದಾಗಿ ಬಂದವರಿಗೆ ನಿಜಕ್ಕೂ ಸುಲಭವಿತ್ತು. ಫೋನ್ ನಂಬರಿನಿಂದ ರೋಗಿಯನ್ನು ಹುಡುಕುವ ಅನುಕೂಲವೂ ಅದರಲ್ಲೇ ಬಂದದ್ದು. ಹೈವೇಯಲ್ಲಿ ಬಿದ್ದು ಪ್ರಜ್ಞೆ ತಪ್ಪಿದ್ದ ಒಬ್ಬರ ರಕ್ತದ ಗುಂಪು ಆ ರೀತಿ ಒಂದು ನಿಮಿಷದಲ್ಲಿ ಸಿಕ್ಕಿದ್ದನ್ನು ನಾನೇ ನೋಡಿದ್ದೇನೆ. ನನಗಾದದ್ದು ಕಿರಿಕಿರಿ, ಎರಡು ತಿಂಗಳಲ್ಲಿ ಹೋಯಿತು. ಅಣ್ಣಯ್ಯನಿಗೆ ಆದದ್ದು ಕಿರಿಕಿರಿಯಲ್ಲ. ಈ ವ್ಯತ್ಯಾಸ ನನಗೆ ಹೊಳೆಯುವುದಕ್ಕೆ ಏಳು ವರ್ಷ ಬೇಕಾಯಿತು. ಆ ಸಲ ಕಂಪನಿಯವರು ಅಭಿಪ್ರಾಯ ಕೇಳಿ ಒಂದು ಫಾರಂ ಕೊಟ್ಟಿದ್ದರು. ಮೌಸ್ ಇಲ್ಲದೆ ಕೀಗಳಿಂದಲೇ ಪೂರ್ತಿ ಕೆಲಸ ಮಾಡುವಂತಿರಲಿ, ಕಪ್ಪು ಸ್ಕ್ರೀನೂ ಇರಲಿ ಎಂದು ಹಾಳೆಯ ಎರಡೂ ಬದಿ ತುಂಬಿಸಿ ಬರೆದೆ. ಉತ್ತರ ಬರಲಿಲ್ಲ.

ಅದಾದ ಮೇಲೆ ಒಂದು ಭಾನುವಾರ ಮತ್ತೆ ಸಾಲಿಗ್ರಾಮಕ್ಕೆ ಹೋದೆ. ಅಷ್ಟು ಹೊತ್ತಿಗೆ ಅಣ್ಣಯ್ಯನಿಗೆ ಬೆಳಕು, ಕತ್ತಲೆ ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ. ತುಂಬ ಇಳಿದುಹೋಗಿದ್ದರು. ಹೇಳಬೇಕೆಂದೇ ಹೋಗಿದ್ದೆ, ಕೂತ ಕೂಡಲೇ ಹೇಳಿದೆ, ಮ್ಯಾನೇಜರಿಗೆ ನಾನು ಬರೆದುಕೊಟ್ಟ ಕಾಗದದ ಸಂಗತಿ.

"ಗೊತ್ತಿದ್ದಿತ್," ಎಂದರು. "ಮ್ಯಾನೇಜರ್ ಆಗ್ಲೇ ಓದಿ ಹೇಳಿರ್. ನಂಗೆ ಓದುಕಾಯ್ಲಿಲ್ಲ್ಯಲೆ."

ಎರಡು ತಿಂಗಳು ರೆಕಾರ್ಡ್ ರೂಮಿನಿಂದ ಬಂದು ಹೋಗುವಾಗ ಪ್ರತಿ ದಿನ ನನ್ನನ್ನು ಅವರು ಮಾತಾಡಿಸಿದ್ದರು. ಆಗೆಲ್ಲ ಅವರಿಗೆ ಗೊತ್ತಿತ್ತು.

ಆಮೇಲೆ ಕೀಗಳ ವಿಷಯವನ್ನೂ ಹೇಳಿದೆ. ನನ್ನನ್ನೇ ಕೇಳಿದ್ದರು, ನಾನೇ ಬೇಡ ಅಂದೆ, ಬೇಕು ಅಂದಿದ್ದರೆ ಎರಡು ವಾರದ ಕೆಲಸವಾಗಿತ್ತು, ಎಂದೆ. ಇದು ಅವರಿಗೆ ಗೊತ್ತಿರಲಿಲ್ಲ. ಮೊಣಕಾಲ ಮೇಲೆ ಅಲುಗುತ್ತಿದ್ದ ಅವರ ಬೆರಳುಗಳು ನಿಂತವು. ಒಳಗೆ ಹೆಂಡತಿ ಕಾಯಿ ತುರಿಯುವ ಸದ್ದು ಕೇಳುತ್ತಿತ್ತು. ನಾನು ಕಾದೆ. ಬೈದಿದ್ದರೆ ಕೇಳಿಸಿಕೊಂಡು ಬರುತ್ತಿದ್ದೆ. ಇರಲಿ ಬಿಡು ಅಂದಿದ್ದರೆ ಅಳುತ್ತಿದ್ದೆನೋ ಏನೋ.

"ಎರ್ಡ್ ವಾರ," ಎಂದರು ಕೊನೆಗೆ, ತಮ್ಮಷ್ಟಕ್ಕೆ. ಆಮೇಲೆ, "ನಿಂಗೆ ಎಷ್ಟೊತ್ತಿಗ್ ಬಸ್ಸ್?" ಎಂದು ಕೇಳಿದರು.

ನಾಲ್ಕು ಗಂಟೆಗೆ ಎಂದೆ. ಆಗ ಇನ್ನೂ ಮೂರು ಆಗಿರಲಿಲ್ಲ. ಎದ್ದು ಬಂದೆ. ಆಮೇಲೆ ನಾನು ಆ ಮನೆಗೆ ಹೋಗಿಲ್ಲ.